ಬಿತ್ತುವಟ್ಟದ ಲೆಕ್ಕ

ರಾಜಾಜಿನಗರದ ಓದುಗರೊಬ್ಬರ ಪತ್ರ: "ವಿಶೇಷ ಮಕ್ಕಳ ಶಾಲೆ ನಡೆಸುವ ಸಂಸ್ಥೆಗಳಿಗೆ ಸರ್ಕಾರ ಅನುದಾನ ಹೆಚ್ಚಿಸಬೇಕು, ಅದಕ್ಕಾಗಿ ಜನ ಬೀದಿಗಿಳಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸೇವೆ ಎಂದ ಮೇಲೆ ಸರ್ಕಾರದ ಮುಂದೆ ಕೈಚಾಚುವುದೇಕೆ? ನಮ್ಮ ಬಡಾವಣೆಯ ರಾಮೋತ್ಸವ ಪೂರ್ತಿ ಚಂದಾ ಹಣದಲ್ಲೇ ನಡೆಯುತ್ತದೆ. ನನ್ನ ತೆರಿಗೆ ಸಂಘ ಸಂಸ್ಥೆಗಳಿಗೆ ಯಾಕೆ ಹೋಗಬೇಕು?"

ಸ್ವಾಮಿ, ಮೊದಲು ಕೋಪ ಬಂತು, ಆಮೇಲೆ ಖುಷಿಯಾಯಿತು. ಎರಡು ಪುಟ ಕೈಬರಹ, ಒಂದೂ ಕಾಗುಣಿತ ತಪ್ಪಿಲ್ಲ! ಇಂಥವರ ಜೊತೆ ಜಗಳ ಆಡುವುದೇ ಒಂದು ಸುಖ.

ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಲೆಟರ್‌ಹೆಡ್ಡು, ರಬ್ಬರ್ ಸ್ಟಾಂಪು ಬಿಟ್ಟರೆ ಬೇರೇನೂ ಇಲ್ಲದ ಸಂಘಗಳು ಇವೆ. ಅವುಗಳ ಲೆಕ್ಕ ಕೆದಕಲಿ, ನೋಂದಣಿ ರದ್ದು ಮಾಡಲಿ.

ಆದರೆ "ಕೈಚಾಚುವುದು" ಅಂದಿರಲ್ಲ, ಅದು ಚುಚ್ಚಿತು. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು ಅದು. ಕಟ್ಟುಕೊಡಗೆ ಅನ್ನುವುದೂ ಅದೇ ಜಾತಿಯದು. ಕೆರೆ ಊರಿನದು, ದುಡಿಮೆ ಊರವರದು, ಅದಕ್ಕೆ ಬೇಕಾದ ಹುಟ್ಟುವಳಿಗೆ ಆಳುವವರು ದಾರಿ ಮಾಡಿಕೊಟ್ಟರು. ಅದನ್ನು ಭಿಕ್ಷೆ ಅನ್ನುತ್ತೀರಾ? 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಬಂದವರು ತಮ್ಮೂರಿನ ಬೇಡಿಕೆಗಳನ್ನು ದಿವಾನರ ಮುಂದಿಡುತ್ತಿದ್ದರು. ಈಗ ಬೇಡಿಕೆ ಇದ್ದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಧರಣಿ ಕೂರಬೇಕು. ಅದು ಹಳೇ ಸೆಂಟ್ರಲ್ ಜೈಲು. ಕೇಳುವವರಿಗೆ ಎಂಥ ಜಾಗ ಹುಡುಕಿಕೊಟ್ಟಿದ್ದಾರೆ ನೋಡಿ.

ಇನ್ನು ಚಂದಾ. ರಾಮೋತ್ಸವಕ್ಕೆ ನಾನೂ ಕೊಡುತ್ತೇನೆ. ಪಾನಕ, ಕೋಸಂಬರಿ, ನಾಲ್ಕು ಸಂಗೀತ ಕಛೇರಿ, ಅಷ್ಟಕ್ಕೆ ಚಂದಾ ಸಾಕು. ಆದರೆ ವಿಶೇಷ ಶಾಲೆಯ ಆಯಾಗೆ ಪ್ರತಿ ತಿಂಗಳೂ ಸಂಬಳ ಬೇಕಲ್ವಾ? ನನ್ನ ಗೆಳೆಯನ ಅಕ್ಕ ಅಂಥದೊಂದು ಶಾಲೆ ನಡೆಸುತ್ತಿದ್ದರು. ಹುಟ್ಟುಹಬ್ಬಕ್ಕೆ ಹೋಳಿಗೆ ಊಟ ಹಾಕಿಸುವವರಿಗೆ ಬರವಿರಲಿಲ್ಲ. ಒಮ್ಮೆ ಒಂದೇ ದಿನ ಮೂರು ಮನೆಯವರು ಊಟ ತಂದರಂತೆ. ಅವತ್ತು ಭಾನುವಾರ, ಶಾಲೆಗೆ ಬೀಗ! "ವ್ಯಾನಿನ ಡೀಸೆಲ್‌ಗೆ ಕೊಡಿ ಅಂದ್ರೆ ಮಾತ್ರ ಎಲ್ರೂ ವಾಚ್ ನೋಡ್ಕೋತಾರೆ" ಅನ್ನುತ್ತಿದ್ದರು ಅಕ್ಕ. ಮಗುವಿಗೆ ಇಷ್ಟು ಎಂದು ಸರ್ಕಾರ ಕೊಡುವ ಶಿಶು ಕೇಂದ್ರಿತ ಸಹಾಯಧನ ಅವರಿಗೆ ಬರುತ್ತಿತ್ತು. ಜೂನ್‌ನಲ್ಲಿ ಬೇಕಾದ ಕಂತು ಮಾರ್ಚ್‌ಗೆ. ಅಲ್ಲಿಯವರೆಗೆ ಅಕ್ಕನ ಬಳೆ ಅಡವಿನಂಗಡಿಯಲ್ಲಿ.

ಕಂಪನಿಗಳು ಕೊಡುವುದಿಲ್ಲವೇ ಅಂತೀರಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥದಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಶಾಲೆ ಗೋಡೆಗೆ ಬಣ್ಣ ಬಳಿದು ಫೋಟೋ ತೆಗೆಸಿಕೊಳ್ಳಬಹುದು. ಆಯಾ ಸಂಬಳದ ಫೋಟೋ ಹೇಗೆ ತೆಗೆಯುವುದು?

ಬಿಸಿಯೂಟ ನೆನಪು ಮಾಡಿಕೊಳ್ಳಿ. 2000ದಲ್ಲಿ ಅಕ್ಷಯ ಪಾತ್ರ ಎಂಬ ಸಂಸ್ಥೆ ನಮ್ಮ ಬೆಂಗಳೂರಲ್ಲೇ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು. ದೊಡ್ಡ ಮನಸ್ಸಿನ ಕೆಲಸ. ಆದರೆ 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಸರ್ಕಾರದ ಅಕ್ಕಿ, ಸರ್ಕಾರದ ದುಡ್ಡು ಬಂದ ಮೇಲೆ ತಾನೇ ತಟ್ಟೆ ಊರೂರಿಗೆ ಹೋದದ್ದು? ಪಿಯುಸಿಎಲ್ ಕೂಡ ನೀವು ಮೂಗು ಮುರಿಯುವ ಸಂಘ ಸಂಸ್ಥೆಗಳಲ್ಲಿ ಒಂದು.

"ನನ್ನ ತೆರಿಗೆ" ಅಂದಿರಿ. ಮನೆ ಕಂದಾಯದ ರಸೀದಿ ತೆಗೆಯಿರಿ. ಸೆಸ್ ಎಂದಿದೆಯಲ್ಲ, ಅದರೊಳಗೆ 1965ರ ಕಾಯ್ದೆಯಂತೆ ಗ್ರಂಥಾಲಯಕ್ಕೆ ಕಂದಾಯದ ಶೇ. 6, 1975ರ ಕಾಯ್ದೆಯಂತೆ ಭಿಕ್ಷುಕರ ಪುನರ್ವಸತಿಗೆ ಶೇ. 3 ಸೇರಿದೆ. ಅಂದರೆ ನೀವು ವರ್ಷಗಳಿಂದ ಕೊಡುತ್ತಲೇ ಇದ್ದೀರಿ, ಸುಮ್ನೆ ಗಮನಿಸಿಲ್ಲ. ಗ್ರಂಥಾಲಯದ ಪಾಲು ಇಲಾಖೆಗೆ ಪೂರ್ತಿ ತಲುಪಿಲ್ಲ, ನೂರಾರು ಕೋಟಿ ಬಾಕಿ ಎಂಬ ಸುದ್ದಿಯಂತೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಹೋಗುವ ಓದುವ ಕೋಣೆಯಲ್ಲಿ ಮಳೆಗಾಲಕ್ಕೆ ಕುರ್ಚಿಗಿಂತ ಬಕೆಟ್ಟೇ ಜಾಸ್ತಿ. ಅಲ್ಲಿ ಕೂತು ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಸಹಿ ಹಾಕಿ ಎಂದರೆ, "ಸಾರ್, ನಮಗ್ಯಾಕೆ ರಾಜಕೀಯ" ಅನ್ನುತ್ತಾರೆ ನಿಮ್ಮಂಥ ಓದಿಕೊಂಡವರು.

ನಿಮ್ಮ ಕೈಬರಹ ಚೆನ್ನಾಗಿದೆ. ಮುಂದಿನ ಅರ್ಜಿ ನೀವೇ ಬರೆಯಿರಿ, ರಸೀದಿಯ ಜೆರಾಕ್ಸ್ ಜೊತೆಗಿಡಿ. ಅಂದಹಾಗೆ, ಈ ಸಲ ರಾಮೋತ್ಸವದಲ್ಲಿ ಯಾರ ಕಛೇರಿ?