ಫರಸಿಗೆ ಅಂಟಿದ ಹಳೇ ಗೋಂದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೋಥ್ರೂಡಿನ ನಮ್ಮ ಹಳೇ ಫ್ಲ್ಯಾಟಿನ ಹಾಲ್‌ನಲ್ಲಿ ಶಹಾಬಾದಿ ಫರಸಿ (ನೆಲದ ಕಲ್ಲುಹಾಸು) ಇದೆ. ಹದಿನೈದು ವರ್ಷದ ಹಿಂದೆ ಅದರ ಮೇಲೆ ವಿನೈಲ್ ಶೀಟ್ ಅಂಟಿಸಿದ್ದೆವು. ಈಗ ಕಿತ್ತು ನೋಡಿದರೆ ಕಂದು ಗೋಂದು ಹಾಗೇ ಉಳಿದಿದೆ, ಕಾಲಿಟ್ಟಲ್ಲಿ ಹಿಡಿಯುತ್ತದೆ. ಕೆಲಸದವರು ಆ್ಯಸಿಡ್ ಹಾಕೋಣ ಅನ್ನುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಖಂಡಿತ ಬೇಡ. ಶಹಾಬಾದಿ ಅಂದರೆ ನಮ್ಮ ಕಲಬುರಗಿ ಕಡೆಯ ಸುಣ್ಣಕಲ್ಲು. ಆ್ಯಸಿಡ್ ಬಿದ್ದರೆ ಬುರುಗು ಬಂದು ಕಲ್ಲೇ ಕರಗುತ್ತದೆ, ಗೋಂದು ಜಪ್ಪಯ್ಯ ಅನ್ನುವುದಿಲ್ಲ. ಟಾಯ್ಲೆಟ್ ತೊಳೆಯುವ ದ್ರವ, ವಿನೆಗರ್, ನಿಂಬೆರಸ ಎಲ್ಲ ಅದೇ ಜಾತಿ. ಕೋಟಾ ಕಲ್ಲು, ಮಾರ್ಬಲ್ ಇದ್ದವರೂ ದೂರ ಇರಬೇಕು.

ಮೊದಲು ಗೋಂದು ಯಾವುದೆಂದು ನೋಡಿ. ಕಪಾಟಿನ ಹಿಂದಿನ ಮೂಲೆಯಲ್ಲಿ ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಇಡಿ. ಬೆಳ್ಳಗಾಗಿ ಮೆತ್ತಗಾದರೆ ಅದು ಬಡಗಿಯವರ ಬಿಳಿ ಫೆವಿಕಾಲ್ ಥರದ್ದು, ಬಿಸಿನೀರೇ ಸಾಕು. ಏನೂ ಆಗದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ಅದ್ದಿದ ಬಿಳಿ ಬಟ್ಟೆ ಇಟ್ಟು ನೋಡಿ. ಎಳೆ ಎಳೆಯಾಗಿ ಬಂದರೆ ರಬ್ಬರ್ ಗೋಂದು. ನಿಮ್ಮದು ಬಹುಶಃ ಇದೇ.

ಮೊದಲ ಸುತ್ತು ಒಣಗಿದ್ದಾಗಲೇ ಆಗಲಿ. ಹೇರ್ ಡ್ರೈಯರ್‌ನಿಂದ ಒಂದೊಂದೇ ಗೇಣು ಬಿಸಿ ಮಾಡಿ, ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ತೀರಾ ಓರೆಯಾಗಿ ಹಿಡಿದು ಕೆರೆಯಿರಿ. ಶಹಾಬಾದಿ ಪದರ ಪದರದ ಕಲ್ಲು. ಉಳಿಯನ್ನೋ ಕಬ್ಬಿಣದ ಪಟ್ಟಿಯನ್ನೋ ನೆಟ್ಟಗೆ ಒತ್ತಿದರೆ ಗೋಂದಿನ ಜೊತೆ ಚಕ್ಕೆಯೂ ಎದ್ದು ಬರುತ್ತದೆ. ದಪ್ಪ ಪದರ ಇಲ್ಲೇ ಹೋದಷ್ಟೂ ಮುಂದೆ ದ್ರಾವಕ ಕಡಿಮೆ ಸಾಕು.

ಉಳಿದ ತೆಳು ಪದರಕ್ಕೆ ಲೇಪ. ಚಾಕ್ ಪುಡಿಗೆ ಟರ್ಪೆಂಟೈನ್ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ, ಅರ್ಧ ಸೆಂಟಿಮೀಟರ್ ದಪ್ಪ ಬಳಿಯಿರಿ, ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದು, ಲೇಪ ಪೂರ್ತಿ ಒಣಗಿದ ಮೇಲೆಯೇ ಕೆರೆಯಿರಿ: ಒಣಗುವಾಗಲೇ ಅದು ಕರಗಿದ ಗೋಂದನ್ನು ಮೇಲಕ್ಕೆ ಹೀರುವುದು. ಸುಮ್ಮನೆ ಟರ್ಪೆಂಟೈನ್ ಸುರಿದು ಉಜ್ಜಿದರೆ ಗೋಂದು ತೆಳ್ಳಗಾಗಿ ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ, ನೆಲ ಮೋಡ ಕವಿದ ಹಾಗೆ ಕಾಣುತ್ತದೆ. ಒಂದು ದಿನಕ್ಕೆ ಒಂದು ಚದರ ಮೀಟರ್‌ಗಿಂತ ಹೆಚ್ಚು ಹಚ್ಚಬೇಡಿ. ಕಿಟಕಿ ತೆರೆದಿರಲಿ, ಒಲೆ, ದೇವರ ದೀಪ, ಊದುಬತ್ತಿ ಆರಿರಲಿ, ಕೈಗೆ ನೈಟ್ರೈಲ್ ಗ್ಲೌಸ್. ನೆನೆದ ಬಟ್ಟೆಗಳನ್ನು ಮುದ್ದೆ ಮಾಡದೆ ಬಾಲ್ಕನಿಯಲ್ಲಿ ಹರವಿ.

ಕಡೆಗೆ ಅರ್ಧ ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಒರೆಸಿ (ನಿಂಬೆಹುಳಿ ಇಲ್ಲದ್ದು), ಬರೀ ನೀರಿನಿಂದ ಎರಡು ಸಲ. ಪಾಲಿಶ್ ಮಾಡಿಸುವುದಿದ್ದರೆ ಗೋಂದು ಪೂರ್ತಿ ಹೋದ ಮೇಲೆ. ಇಲ್ಲದಿದ್ದರೆ ಯಂತ್ರದ ಬಿಸಿಗೆ ಅದು ಮೆತ್ತಗಾಗಿ ಪಾಲಿಶ್ ಕಲ್ಲಿಗೇ ಮೆತ್ತಿಕೊಳ್ಳುತ್ತದೆ. ಶೀಟಿನ ಕೆಳಗೆ ಇಷ್ಟು ವರ್ಷ ಉಸಿರುಗಟ್ಟಿದ ಕಲ್ಲಿನಲ್ಲಿ ತೇವ ಇರುತ್ತದೆ. ಮಳೆಗಾಲದಲ್ಲಂತೂ ಸೀಲರ್ ಹಚ್ಚಿಸಬೇಡಿ, ತೇವದ ಜೊತೆ ಮೇಲೆ ಬರುವ ಬಿಳಿ ಉಪ್ಪು ಒಳಗೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮಾರ್ಬಲ್ ಮೇಲಿನ ಟೇಪಿನ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ?
– ಓದುಗರೊಬ್ಬರು, ಮಡಗಾಂವ್

ಉತ್ತರ: ಸ್ಟೀಲ್ ಡಬ್ಬಿಯ ಲೇಬಲ್‌ಗೆ ಸರಿ, ಮಾರ್ಬಲ್‌ಗೆ ಅಲ್ಲ. ಕಲ್ಲು ಎಣ್ಣೆ ಕುಡಿದರೆ ಅಂಟಿಗಿಂತ ದೊಡ್ಡ ಕಲೆ. ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಒತ್ತಿ ಒತ್ತಿ ತೆಗೆಯಿರಿ. ಬಣ್ಣವಿರುವ ನೈಲ್ ಪಾಲಿಶ್ ರಿಮೂವರ್ ಬೇಡ, ಬಣ್ಣ ಕಲ್ಲಿಗೆ ಇಳಿಯುತ್ತದೆ.

ಪ್ರಶ್ನೆ: ಟೈಲ್ ಕೆಳಗೆ ಡಾಂಬರಿನಂಥ ಕಪ್ಪು ಗೋಂದು ಇದೆ. ಗ್ರೈಂಡರ್ ಹಾಕಿಸಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹಳೇ ಕಪ್ಪು ಗೋಂದಿನಲ್ಲೂ ಹಳೇ ವಿನೈಲ್ ಟೈಲ್‌ನಲ್ಲೂ ಆ್ಯಸ್ಬೆಸ್ಟಾಸ್ (ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ಖನಿಜ ನಾರು) ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ಒಂದು ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ಫಲಿತಾಂಶ ಬರುವವರೆಗೆ ಅದನ್ನು ಮುಟ್ಟದಿರಿ.