ಸಂಪಾದಕರ ಉತ್ತರ: ಆ ಕಾರಿನ ಬ್ರೇಕಿನ ಬಗ್ಗೆ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: “ಕಳೆದ ಸಂಚಿಕೆಯಲ್ಲಿ ಹಿಸ್ಪಾನೊ-ಸುಯಿಜಾ ಎಚ್6ಬಿ ಎಂಬ ಹಳೆಯ ಕಾರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ರಾಜರೂ ಕೋಟ್ಯಧಿಪತಿಗಳೂ ಓಡಿಸಿದ ಕಾರು ಕಟ್ಟಿಕೊಂಡು ನಮಗೇನಾಗಬೇಕು? ಅಷ್ಟಕ್ಕೂ ಅದು ಫ್ರೆಂಚ್ ಕಾರು ಹೇಗಾಯಿತು?”

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಕಂಪನಿ 1904ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿತು, ಅದರ ಎಂಜಿನಿಯರ್ ಮಾರ್ಕ್ ಬಿರ್ಕಿಗ್ಟ್ ಸ್ವಿಟ್ಜರ್ಲೆಂಡಿನವರು. ಆದರೆ ಎಚ್6 (ಎಚ್6ಬಿ ಇದರದೇ ಮುಂದಿನ ರೂಪ) ಸಿದ್ಧವಾದದ್ದು ಪ್ಯಾರಿಸ್ ಪಕ್ಕದ ಬ್ವಾ-ಕೊಲಂಬ್ ಕಾರ್ಖಾನೆಯಲ್ಲಿ. ಜನ ಅದನ್ನು ಮೊದಲು ಕಂಡದ್ದು 1919ರ ಪ್ಯಾರಿಸ್ ಪ್ರದರ್ಶನದಲ್ಲಿ.

ಮೊದಲ ಪ್ರಶ್ನೆಗೆ ನನ್ನ ಉತ್ತರ: ಅದರ ಬ್ರೇಕ್.

ಆ ಕಾಲದ ಬಹುಪಾಲು ಕಾರುಗಳಿಗೆ ಹಿಂದಿನ ಚಕ್ರಗಳಿಗಷ್ಟೇ ಬ್ರೇಕ್ ಇರುತ್ತಿತ್ತು. ಬ್ರೇಕ್ ಹಾಕಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳಿಗೆ ನೆಲದ ಹಿಡಿತ ತಪ್ಪುತ್ತದೆ, ಕಾರು ಜಾರುತ್ತದೆ. ಎಚ್6ಗೆ ನಾಲ್ಕೂ ಚಕ್ರಗಳಲ್ಲಿ ಬ್ರೇಕ್ ಇತ್ತು. ಅಷ್ಟು ಭಾರದ ಕಾರನ್ನು ಬರೀ ಕಾಲಿನ ಬಲದಿಂದ ನಿಲ್ಲಿಸುವುದು ಕಷ್ಟ. ಬಿರ್ಕಿಗ್ಟ್ ಆ ಬಲವನ್ನು ಓಡುವ ಕಾರಿನಿಂದಲೇ ಪಡೆದರು. ಗೇರ್‌ಬಾಕ್ಸಿನ ಪಕ್ಕ ಒಂದು ಚಿಕ್ಕ ಡ್ರಮ್, ಕಾರು ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಪೆಡಲ್ ತುಳಿದರೆ ಬ್ರೇಕ್ ಪಟ್ಟಿಗಳು ಆ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಡ್ರಮ್ ಅವನ್ನು ತನ್ನ ಜೊತೆ ತಿರುಗಿಸಲು ಎಳೆಯುತ್ತದೆ, ಆ ಎಳೆತವೇ ಚಕ್ರಗಳ ಬ್ರೇಕುಗಳನ್ನು ಬಿಗಿಯುತ್ತದೆ. ಚಾಲಕ ಹಗುರವಾಗಿ ತುಳಿದರೂ ಸಾಕು. ಎಂಥ ಸೊಗಸಾದ ಯೋಚನೆ! ರೋಲ್ಸ್-ರಾಯ್ಸ್‌ನಂಥ ಕಂಪನಿಯೇ ಇದಕ್ಕೆ ಪರವಾನಗಿ ಪಡೆದು, 1960ರ ದಶಕದವರೆಗೂ ತನ್ನ ಕಾರುಗಳಲ್ಲಿ ಬಳಸಿತು. ಸಿರಿವಂತರ ಹಣ ಇಂಥದ್ದಕ್ಕೆ ಖರ್ಚಾದರೆ ನನಗೆ ತಕರಾರಿಲ್ಲ.

ಎಂಜಿನ್ನಿನ ಹಿಂದೆ ಯುದ್ಧದ ಕಥೆಯಿದೆ. ಮೊದಲ ಮಹಾಯುದ್ಧದಲ್ಲಿ ಸ್ಪ್ಯಾಡ್ ಯುದ್ಧವಿಮಾನಗಳನ್ನು ಹಾರಿಸಿದ್ದು ಬಿರ್ಕಿಗ್ಟ್ ರೂಪಿಸಿದ ಎಂಟು ಸಿಲಿಂಡರಿನ ಎಂಜಿನ್. ಅಲ್ಲಿ ಕಲಿತ ಅಲ್ಯೂಮಿನಿಯಂ ಎರಕದ ವಿದ್ಯೆಯೇ ಎಚ್6ರ 6.6 ಲೀಟರಿನ, ಆರು ಸಿಲಿಂಡರಿನ ಎಂಜಿನ್ನಿಗೆ ಬಂತು. ರೇಡಿಯೇಟರ್ ಮೇಲೆ ಹಾರುವ ಕೊಕ್ಕರೆಯೂ ಅಲ್ಲಿಂದಲೇ ಬಂದದ್ದು. ಅದು 1917ರಲ್ಲಿ ಮಡಿದ ಫ್ರೆಂಚ್ ವೈಮಾನಿಕ ಜಾರ್ಜ್ ಗಿನ್ಮೇರ್ ಅವರ ದಳದ ಲಾಂಛನ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 1924ರಲ್ಲಿ ಆಂದ್ರೆ ದ್ಯೂಬೊನೆ ಎಂಬ ಧನಿಕರು ಎಂಟು ಲೀಟರ್ ಎಂಜಿನ್ನಿನ, ಅದೇ ಸಾಲಿನ ಎಚ್6ಸಿ ಕಾರಿಗೆ ವಿಮಾನ ತಯಾರಕರಿಂದ ತೆಳುಮರದ ಪಟ್ಟಿಗಳ ಮೈ ಕಟ್ಟಿಸಿದರು. ಪಟ್ಟಿಗಳನ್ನು ಸಾವಿರಾರು ರಿವೆಟ್‌ಗಳಿಂದ ಬಿಗಿದಿದ್ದರು. ಶೋಕಿಯೆನ್ನಿ, ಒಪ್ಪುತ್ತೇನೆ. ಆದರೆ ಅದೇ ಕಾರನ್ನು ಅವರು ಸಿಸಿಲಿಯ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ರೇಸಿನಲ್ಲಿ ಓಡಿಸಿ ಆರನೆಯವರಾದರು. ಅಂಥ ತಿರುವುಗಳಲ್ಲಿ ಬ್ರೇಕ್ ನಂಬುವಂತಿರಬೇಕು.

ಮುಂದಿನ ಸಂಚಿಕೆಯಲ್ಲಿ ಆ ಬ್ರೇಕಿನ ರೇಖಾಚಿತ್ರವನ್ನು ದೊಡ್ಡದಾಗಿ ಪ್ರಕಟಿಸುತ್ತೇವೆ. ನೋಡಿ, ಮತ್ತೆ ಬರೆಯಿರಿ.