400 ರೂಪಾಯಿಯ ‘ಒರಿಜಿನಲ್ ಫಿರೋಜಾ’ ಸರ: ಮೊದಲು ಮಣಿಯ ತೂತು ನೋಡಿ

ಮನಾಲಿಗೆ ಹೋದಾಗ ರಸ್ತೆಬದಿಯಲ್ಲಿ 400 ರೂಪಾಯಿಗೆ ನೀಲಿ ಮಣಿಸರ ತಂದಿದ್ದೀರಿ. ಮಾರಿದವನು ‘ಒರಿಜಿನಲ್ ಫಿರೋಜಾ’, ಅಂದರೆ ಇಂಗ್ಲಿಷಿನಲ್ಲಿ ಟರ್ಕ್ವಾಯ್ಸ್ ಅನ್ನುವ ನೀಲಿ ಕಲ್ಲು, ಅಂದನಂತೆ. ಅದು ಅಸಲಿಯಾ, ಮಾರಿದರೆ ಎಷ್ಟು ಬರುತ್ತದೆ ಅಂತ ನಿಮ್ಮ ಪ್ರಶ್ನೆ. ಸರ ನೋಡದೆಯೇ ಹೇಳಿಬಿಡುತ್ತೇನೆ, ಆ ದುಡ್ಡಿಗೆ ಅಸಲಿ ಕಲ್ಲಿನ ಇಡೀ ಸರ ಬರುವುದಿಲ್ಲ. ಬೇಜಾರು ಮಾಡ್ಕೋಬೇಡಿ. ಮನೆಯಲ್ಲೇ ಮಣಿಸರ ಪೋಣಿಸಿ ಮಾರುವ ನಾನೇ ಶುರುವಿನಲ್ಲಿ ಇದೇ ಕಲ್ಲಿಗೆ ಮೋಸಹೋಗಿದ್ದೆ.

ಆ ಕಥೆ ಕೇಳಿ. ‘ಟರ್ಕ್ವಾಯ್ಸ್’ ಅಂತ ಕೊಟ್ಟ ಮಣಿಗಳನ್ನು ನಂಬಿ ತಂದೆ, ಸರ ಮಾಡಿದೆ, ಹಾಗೇ ಹೇಳಿ ಮಾರಿದೆ. ಮೇ ತಿಂಗಳು, ಮದುವೆ ಸೀಸನ್. ಕೊಂಡವರು ಮಾರನೇ ದಿನ ಕೆನೆಬಣ್ಣದ ರೇಷ್ಮೆ ಬ್ಲೌಸ್ ಹಿಡ್ಕೊಂಡು ಬಂದರು. ಕತ್ತಿನ ಸುತ್ತ, ಪೈಪಿಂಗ್ ಉದ್ದಕ್ಕೂ, ಬಟ್ಟೆಗೆ ಹಾಕುವ ನೀಲಿ ಚೆಲ್ಲಿದ ಹಾಗೆ ಕಲೆ. “ಏನಮ್ಮಾ ಇದು, ಕಲ್ಲು ಬಣ್ಣ ಬಿಡುತ್ತಾ?” ಅಂದರು. ಸರದ ದುಡ್ಡೂ ವಾಪಸ್ ಕೊಟ್ಟೆ, ಡ್ರೈ ಕ್ಲೀನಿಂಗ್ ದುಡ್ಡೂ ಕೊಟ್ಟೆ. ಮನೆಗೆ ಬಂದು ಒಂದು ಮಣಿಯನ್ನು ಕುಟ್ಟಾಣಿಯಲ್ಲಿ ಹಾಕಿ ಒಡೆದೆ. ಹೊರಗೆ ಉಗುರಿನಷ್ಟು ದಪ್ಪ ನೀಲಿ, ಒಳಗೆಲ್ಲ ಸುಣ್ಣದ ಹಾಗೆ ಬಿಳಿ.

ಅದು ಹೌಲೈಟ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1868ರಲ್ಲಿ ಹೆನ್ರಿ ಹೌ ಎಂಬಾತ ಗುರುತಿಸಿದ ಕಲ್ಲು. ಹುಟ್ಟಿನಲ್ಲಿ ಬಿಳಿ, ಮೈತುಂಬ ಬೂದು ಗೆರೆ. ಬಣ್ಣ ಚೆನ್ನಾಗಿ ಹೀರುತ್ತದೆ, ನೀಲಿಯಲ್ಲಿ ಅದ್ದಿದರೆ ಥೇಟ್ ಫಿರೋಜಾ. ಮ್ಯಾಗ್ನೆಸೈಟ್ ಕಲ್ಲಿಗೂ ಹೀಗೇ ಮಾಡುತ್ತಾರೆ. ಅಂಗಡಿಯಲ್ಲಿ ‘ಟರ್ಕೆನೈಟ್’ ಅಂತ ಹೆಸರು ಕೇಳಿದರೆ ಅದೂ ಬಣ್ಣ ಹಾಕಿದ ಹೌಲೈಟೇ.

ಈಗ ನಿಮ್ಮ ಸರ ತಗೊಳ್ಳಿ. ದಾರವನ್ನು ಸ್ವಲ್ಪ ಸರಿಸಿ, ಮೊಬೈಲ್ ಟಾರ್ಚ್ ಹಾಕಿ ಮಣಿಯ ತೂತಿನೊಳಗೆ ನೋಡಿ. ಬಿಳಿ ಕಂಡರೆ ಅಲ್ಲಿಗೆ ಮುಗಿಯಿತು. ತೂತಿನ ಅಂಚಲ್ಲಿ, ಬಿರುಕಲ್ಲಿ ನೀಲಿ ಗಟ್ಟಿಯಾಗಿ ನಿಂತಿದ್ದರೂ ಬಣ್ಣ ಹಾಕಿದ್ದು ಅಂತಲೇ. ಆಮೇಲೆ ಹತ್ತಿಗೆ ನೈಲ್ ಪಾಲಿಶ್ ರಿಮೂವರ್ ಹಚ್ಚಿ, ಕಾಣದ ಜಾಗದಲ್ಲಿ ಒಂದು ಮಣಿಯನ್ನು ಉಜ್ಜಿ. ಹತ್ತಿ ನೀಲಿಯಾದರೆ ಗೊತ್ತಾಯಿತಲ್ಲ. ಆಗದಿದ್ದರೆ ಅಸಲಿ ಅಂತ ಕುಣಿಯಬೇಡಿ, ಮೇಲೆ ಮೇಣ ಅಥವಾ ಅಂಟಿನ ಲೇಪ ಇದ್ದರೆ ಬಣ್ಣ ಬಿಡುವುದಿಲ್ಲ.

ಮಣಿ ಹಗುರ ಇದೆ, ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸಲ್ಲ, ಸುತ್ತ ಅಚ್ಚಿನ ಸಣ್ಣ ಗೀಟು ಇದೆ, ಎಲ್ಲ ಮಣಿಯಲ್ಲೂ ಕಪ್ಪು ಗೆರೆ ಒಂದೇ ಥರ ಇದೆ ಅಂದರೆ ಪ್ಲಾಸ್ಟಿಕ್. ಬಿಸಿ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ಯೂಟ್ಯೂಬಲ್ಲಿ ಹೇಳುತ್ತಾರೆ. ಸುಮ್ನೆ ಮಣಿ ಹಾಳು. ಅಸಲಿ ಫಿರೋಜಾಗೂ ಗಟ್ಟಿಯಾಗಲಿ ಅಂತ ರಾಳ ಕುಡಿಸುವುದು ಮಾಮೂಲು, ಅದೂ ವಾಸನೆ ಬರುತ್ತದೆ. ಗಡಸುತನ ಬೇಕಾದರೆ ನೋಡಬಹುದು: ಕಲ್ಲಿನ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಹ್ಸ್ ಅಳತೆಯಲ್ಲಿ ಫಿರೋಜಾ 5ರಿಂದ 6, ಹೌಲೈಟ್ ಬರೀ 3.5. ಚಾಕುವಿನ ತುದಿಗೆ ಹೌಲೈಟ್ ಸಲೀಸಾಗಿ ಗೀಚಿಹೋಗುತ್ತದೆ. (ಸಲ್ಮಾನ್ ಖಾನ್ ಕೈಯಲ್ಲಿ ನೀಲಿ ಕಲ್ಲಿನ ಬೆಳ್ಳಿ ಬ್ರೇಸ್ಲೆಟ್ ಇದೆಯಲ್ಲ, ಅದು ಫಿರೋಜಾ. ಅದರ ನಕಲು ಫುಟ್‌ಪಾತಲ್ಲಿ ರಾಶಿ ಬಿದ್ದಿರುತ್ತದೆ.)

ಇನ್ನು ಬೆಲೆ. ಅಕ್ಕಸಾಲಿಗರ ಹತ್ತಿರ ಹೋಗಬೇಡಿ, ಇದಕ್ಕೆ ತಕ್ಕಡಿ ಎತ್ತುವುದೂ ಇಲ್ಲ. ನನ್ನ ಲೆಕ್ಕ ಹೇಳುತ್ತೇನೆ. 8 ಮಿಲಿಮೀಟರ್ ಹೌಲೈಟ್ ಮಣಿಯ ಒಂದು ಎಳೆ ನನಗೆ 150ರಿಂದ 200 ರೂಪಾಯಿಗೆ ಬೀಳುತ್ತದೆ. ಲಾಕ್, ತಂತಿ, ಜರ್ಮನ್ ಸಿಲ್ವರ್ ಪೆಂಡೆಂಟ್ ಸೇರಿ ಇನ್ನೊಂದು ನೂರು. ಜೊತೆಗೆ ಕೂತು ಪೋಣಿಸಿದ ಒಂದು ಗಂಟೆ. ನಾನೂ 450ಕ್ಕೆ ಮಾರುತ್ತೇನೆ, ‘ಬಣ್ಣದ ಹೌಲೈಟ್’ ಅಂತ ಚೀಟಿ ಅಂಟಿಸಿಯೇ. ಹಾಗಾಗಿ ನೀವು ಕೊಟ್ಟ ದುಡ್ಡು ಜಾಸ್ತಿ ಏನಲ್ಲ, ಆತ ಹೇಳಿದ ಹೆಸರು ಮಾತ್ರ ಸುಳ್ಳು. ಹಳೆಯದಾಗಿ ಮಾರಿದರೆ ನೂರು, ನೂರೈವತ್ತು ಬರಬಹುದು. ಎಲಾಸ್ಟಿಕ್ ದಾರವಾಗಿದ್ದರೆ, ಪೆಂಡೆಂಟಿನ ಪಾಲಿಶ್ ಹೋಗಿ ಹಿತ್ತಾಳೆ ಇಣುಕುತ್ತಿದ್ದರೆ ಅದೂ ಇಲ್ಲ.

ಒಂದೇ ಒಂದು ಆಸೆ ಇಟ್ಟುಕೊಳ್ಳಬಹುದಾದ್ದು ಪೆಂಡೆಂಟಿನ ಮೇಲೆ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕ್ಕಲ್, ಸತು. ಆದರೆ ಹಿಂದೆ 925 (ಸಾವಿರಕ್ಕೆ 925 ಪಾಲು ಬೆಳ್ಳಿ) ಅಂತ ಮುದ್ರೆ ಇದ್ದರೆ ಬೆಳ್ಳಿ ಅಂಗಡಿಯಲ್ಲಿ ಒರೆಗೆ ಹಚ್ಚಿಸಿ, ಮುದ್ರೆಯನ್ನೂ ನಕಲು ಮಾಡುತ್ತಾರೆ. ಬೆಳ್ಳಿಯಾದರೆ ಕಲ್ಲು ಬಿಟ್ಟು ಬೆಳ್ಳಿಯ ತೂಕಕ್ಕೆ ಬೆಲೆ ಸಿಗುತ್ತದೆ.

ತೂತಿನದ್ದೊಂದು, ಪೆಂಡೆಂಟಿನ ಹಿಂಭಾಗದ್ದೊಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಅಲ್ಲೀವರೆಗೂ ಬಿಳಿ ಬ್ಲೌಸಿನ ಮೇಲೆ ಮಾತ್ರ ಹಾಕ್ಕೋಬೇಡಿ.